ಒಂದಾಳು ಹೆಚ್ಚು ತೋಡಿದ ಬಾವಿ

"ಬಾವಿ ಸೀ ಆದ್ರ ಒಂದು ಬಾಟಲಿ ನೀರು ತರ್ರಿ, ಉಸ್ತಾದ್. ಆಗದಿದ್ರ ಏನೂ ತರಬ್ಯಾಡ್ರಿ," ಅಂದ ಮಹೆಬೂಬ.

ಅದು ೧೯೮೨. ಹುಮನಾಬಾದಿನ ಮಹೆಬೂಬನ ಸೈಕಲ್ ಪಂಕ್ಚರ್ ಅಂಗಡಿಯ ಮುಂದೆ ಮೋರಖಂಡಿಯ ಬಂಡೆಪ್ಪ ಚೀಲ ಹೆಗಲಿಗೇರಿಸಿ ನಿಂತಿದ್ದ. ಮಹೆಬೂಬನ ಹೆಂಡತಿ ಮುನ್ನಿ ಬೀ ಕಟಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅರವತ್ತರ ಹೊಸ್ತಿಲಲ್ಲಿದ್ದ ಬಂಡೆಪ್ಪ ಹೊರಟಿದ್ದು ಕತಾರಿಗೆ. ನಕಾಶೆಯಲ್ಲಿ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವ ದೇಶ ಅದು.

ಇಪ್ಪತ್ತೊಂದು ವರ್ಷದ ಹಿಂದೆ ಈ ಇಬ್ಬರು ಅಲ್ಲಿನ ಮೀನುಗಾರರ ಊರೊಂದಕ್ಕೆ ಬಾವಿ ತೋಡಲು ಹಡಗು ಹತ್ತಿದ್ದರು. ಎರಡಾಳು ಆಳಕ್ಕೆ ನೀರು ಬಂತು, ಎಳನೀರಿನಂಥ ನೀರು! "ಸಾಕ್ರಿ ಉಸ್ತಾದ್, ಕೆಳಗ ಸಮುದ್ರ ಅದ," ಅಂದಿದ್ದ ಮಹೆಬೂಬ. ಬಂಡೆಪ್ಪ ಕೇಳಬೇಕಲ್ಲ? ಅವರ ಮನೆತನದ ಪದ್ಧತಿಯೇ ಹಾಗೆ. ಸೆಲೆ ಸಿಕ್ಕ ಮೇಲೆ ಇನ್ನೊಂದಾಳು ತೋಡಬೇಕು, ಅದು ಮೊಮ್ಮಕ್ಕಳ ಪಾಲು. ನಮ್ಮ ಕೆಂಪು ಕಲ್ಲಿನ ನೆಲಕ್ಕೆ ಅದು ಸರಿ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಕೆನೆಯಂತೆ ತೇಲುತ್ತದೆ. ಅತಿ ಆಸೆ ಗತಿಗೇಡು ಅಂತಾರಲ್ಲ, ಮೂರೇ ದಿನಕ್ಕೆ ಬಾವಿ ಪೂರ್ತಿ ಉಪ್ಪಾಯಿತು.

ಊರಿಗೆ ಬಂದ ಮೇಲೆ ಉಸ್ತಾದನ ಹೆಸರು ಕೆಡಬಾರದೆಂದು ಮಹೆಬೂಬ "ತಪ್ಪು ನಂದು" ಅಂದುಬಿಟ್ಟ. ಆಮೇಲೆ ಯಾರೂ ಅವನನ್ನು ಬಾವಿಗೆ ಕರೆಯಲಿಲ್ಲ. ಬಂಡೆಪ್ಪ ಬಾಯಿ ಬಿಡಲಿಲ್ಲ, ಉಸ್ತಾದ್ ಆಗಿಯೇ ಉಳಿದ. ಥೂ, ಅದೂ ಒಂದು ಬಾಳೇ! ಈಗ ಆ ಬಾವಿ ಸರಿಮಾಡಲೆಂದೇ ಹೊರಟಿದ್ದ.

ದೋಹಾದಲ್ಲಿ ಮಹೆಬೂಬನ ತಮ್ಮ ಹಬೀಬ್ ಜೀಪು ತಂದು ಕಾಯುತ್ತಿದ್ದ. ಇಬ್ಬರೂ ದಂಡೆ ಹಿಡಿದು ಬಡಗಣಕ್ಕೆ ಹೊರಟರು. ಬಂಡೆಪ್ಪನಿಗೆ ಒಂದೂ ಗುರುತು ಸಿಗಲಿಲ್ಲ. ಖರ್ಜೂರದ ಗರಿಯ ಗುಡಿಸಲುಗಳಿದ್ದ ಕಡೆ ಗಾಜಿನ ಮನೆಗಳು, ಒಂಟೆ ನಡೆದ ಹಾದಿಯಲ್ಲಿ ಡಾಂಬರು. ದೋಹಾ ದಾಟಿದ ಮೇಲೆ ಒಣಮೀನಿನ ವಾಸನೆ ಗಾಳಿಯಲ್ಲಿ ಬಂತು ನೋಡಿ, ಎಲ್ಲಾ ನೆನಪಾಯಿತು. ಇದೇ ದಂಡೆಯಲ್ಲಿ ಕೂತು ಅವನೂ ಮಹೆಬೂಬನೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಮಹೆಬೂಬ ಮುನ್ನಿ ಬೀಯ ಕಾಗದವನ್ನು ಹತ್ತು ಸಲ ಓದಿಸಿಕೊಳ್ಳುತ್ತಿದ್ದ. ಬಂಡೆಪ್ಪನ ಕಣ್ಣು ತುಂಬಿತು.

"ಯಾಕಣ್ಣಾ?"

"ಏನಿಲ್ಲೋ. ಉಸುಕು ಬಿತ್ತು."

ಅಷ್ಟರಲ್ಲಿ ಜೀಪು ಧಡ್ ಅಂತ ಕುಸಿಯಿತು. ಮೇಲೆ ಉಪ್ಪಿನ ಹೊಪ್ಪಳಿಕೆ, ಕೆಳಗೆ ಕೆಸರು!

"ಅಣ್ಣಾ, ಸಮುದ್ರದ ಭರತದ ನೀರು ಬರಾಕತ್ತದ!"

"ಗೋಣಿಚೀಲ ತೆಗಿ! ಗಾಲಿ ಕೆಳಗ ಹಾಕು!"

ಚೀಲ ತುರುಕಿದರು. ನೂಕಿದರು. ನೀರು ಮೊಣಕಾಲಿಗೆ ಬಂತು. ಮೂರನೇ ಸಲಕ್ಕೆ ಜೀಪು ಗುಟುರು ಹಾಕುತ್ತಾ ಗಟ್ಟಿ ನೆಲ ಹತ್ತಿತು.

ಆ ಮೀನುಗಾರರ ಊರಲ್ಲಿ ಉಳಿದಿದ್ದು ಆರೇ ಮನೆ. ಅಸ್ಗರಿ ಎಂಬ ಮುದುಕಿ ಬಂಡೆಪ್ಪನನ್ನು ದಿಟ್ಟಿಸಿ, ಹರಕುಮುರುಕು ಉರ್ದುವಿನಲ್ಲಿ ಕೇಳಿದಳು: "ನಮ್ಮ ಬಾವಿ ಕೆಡಿಸಿದವ ಯಾರು? ನೀನೋ, ಆ ಇನ್ನೊಬ್ಬನೋ?"

"ನಾನು," ಅಂದ ಬಂಡೆಪ್ಪ. ಬಾಯಿಬಿಟ್ಟು ಹಾಗೆ ಅಂದದ್ದು ಅದೇ ಮೊದಲು. ಮುದುಕಿ ಒಳಗೆ ಹೋಗಿ ಹಗ್ಗ ತಂದುಕೊಟ್ಟಳು.

ಹೆಚ್ಚು ತೋಡಿದ ಒಂದಾಳನ್ನು ಮುಚ್ಚಬೇಕು, ಸೆಲೆಯ ಬಾಯಿ ಮಾತ್ರ ಮುಚ್ಚಬಾರದು. ಬಂಡೆಪ್ಪ ಹಗ್ಗ ಕಟ್ಟಿಕೊಂಡು ಇಳಿದ. ನೀರಿನಲ್ಲಿ ಕಾಲಾಡಿಸಿ ಹುಡುಕಿದ. ಗೋಡೆಯ ಒಂದು ಕಡೆ ಪಾದಕ್ಕೆ ಸೆಲೆಯ ನೀರು ತಣ್ಣಗೆ ತಾಗಿತು.

"ಇಲ್ಲೇ ಅದ! ಬುಟ್ಟಿ ಬಿಡು!"

ಹಬೀಬ್ ಗರಸುಕಲ್ಲು, ಉಸುಕು ಇಳಿಸುತ್ತಾ ಹೋದ. ಮೂವತ್ತು ಬುಟ್ಟಿ. ಐವತ್ತು. ಒಮ್ಮೆಲೇ ಬಾವಿಗೋಡೆಯ ಹಳೆಯ ಕಲ್ಲು ಜಾರಿತು. ಹೆಗಲಿಗೆ ಏಟು! ಬಂಡೆಪ್ಪ ನೀರಿನೊಳಗೆ ಮುಳುಗಿದ.

"ಎಳೀರಿ!" ಚೀರಿದ ಹಬೀಬ್. ಅಸ್ಗರಿಯೂ ಹಗ್ಗಕ್ಕೆ ಕೈ ಹಾಕಿದಳು. ಕೆಮ್ಮುತ್ತಾ ಮೇಲೆ ಬಂದ ಬಂಡೆಪ್ಪ ಒಂದು ತಾಸು ಬಿಟ್ಟು ಮತ್ತೆ ಇಳಿದ.

"ಹುಚ್ಚ ಹಿಡದದೇನಣ್ಣಾ?"

"ಇನ್ನ ಹತ್ತು ಬುಟ್ಟಿ ಅಷ್ಟೇ, ಬಿಡಪ್ಪ."

ತುಂಬುವುದನ್ನು ಸೆಲೆಗೆ ಒಂದು ಗೇಣು ಕೆಳಗೆ ನಿಲ್ಲಿಸಿದ. ಆಮೇಲೆ ಎಂಟು ದಿನ ಮೆಲ್ಲಗೆ ಉಪ್ಪುನೀರು ಎತ್ತಿ ಚೆಲ್ಲಿದರು. ಒಂಬತ್ತನೇ ಬೆಳಿಗ್ಗೆ ಅಸ್ಗರಿ ಒಂದು ಬಟ್ಟಲು ಕುಡಿದಳು. ಇನ್ನೊಂದು ಬಟ್ಟಲು ತುಂಬಿಕೊಂಡು ಕುಡಿದಳು. ಬಂಡೆಪ್ಪ ಅಲ್ಲೇ ಉಸುಕಿನ ಮೇಲೆ ಕೂತು ಮಗುವಿನಂತೆ ಅತ್ತ.

ಬಂಡೆಪ್ಪ ಮರಳಿದ ದಿನ ಹುಮನಾಬಾದಿನ ಅಂಗಡಿಯ ಮುಂದೆ ಜನ ಸೇರಿದ್ದರು. ಬಂಡೆಪ್ಪ ಬಾಟಲಿ ಮೇಲೆತ್ತಿ ಜೋರಾಗಿ ಹೇಳಿದ: "ಎಲ್ಲರೂ ಕೇಳ್ರಿ! ಆವತ್ತು ಬ್ಯಾಡ ಅಂದವ ಇವ. ತೋಡಿದವ ನಾ. ಇಷ್ಟು ವರ್ಷ ನನ್ನ ತಪ್ಪು ಇವ ಹೊತ್ತಾನ."

ಮುನ್ನಿ ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಹೆಬೂಬ ಗುಟುಕು ಗುಟುಕಾಗಿ ಕುಡಿದ.

"ಸೀ ಅದ," ಅಂದ. ಮೀಸೆಯಡಿ ನಕ್ಕ. "ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ. ಈ ಸಲನೂ ಒಂದಾಳು ಹೆಚ್ಚು ತುಂಬೀರೇನ್ರಿ, ಉಸ್ತಾದ್?"

"ಇಲ್ಲೋ," ಅಂದ ಬಂಡೆಪ್ಪ. "ಈ ಸಲ ನಿನ್ನ ಮಾತು ಕೇಳೀನಿ."