ಹತ್ತನೇ ದಿನದ ರಕ್ತ

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಏಳೂವರೆಗೆ ಯಶಸ್ವಿನಿ ತೀರ್ಥಹಳ್ಳಿ ಠಾಣೆಗೆ ಬಂದಾಗ ಅವಳ ಬಿಳಿ ಕೋಟಿನಲ್ಲಿ ಹುಡುಕಿದರೂ ಬಿಳಿ ಇರಲಿಲ್ಲ.

'ನಮ್ಮ ಲ್ಯಾಬಿನ ಶ್ರೀನಾಥ್ ಸರ್‌ನ ಕಡಿದ್ಹಾಕಿದಾರೆ. ನಾನು ಹೋಗೋಷ್ಟ್ರಲ್ಲಿ ಮುಗಿದಿತ್ತು.'

ಕೊಲೆ ಎಂದು ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ವಾಸಪ್ಪ ಹೊರಟರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಅವರ ಹೆಸರು ಕೇಳಿದ ಕಳ್ಳರು ಕದ್ದದ್ದನ್ನು ವಾಪಸ್ ಇಟ್ಟು ಮನೆ ಗುಡಿಸಿ ಹೋಗುತ್ತಿದ್ದರು.

ಲ್ಯಾಬಿನಲ್ಲಿ ಹರಿದ ರಕ್ತದ ಮೇಲೆ ಹೊಳೆಬಾಗಿಲಿನ ಲಾಂಚನ್ನೇ ಓಡಿಸಬಹುದಿತ್ತು. ಕುತ್ತಿಗೆ ಅರ್ಧ ಜೋತಿತ್ತು. ಬಲಗೈ ಕುರ್ಚಿಯ ಕೆಳಗೆ ಬೇರೆಯೇ ಬಿದ್ದಿತ್ತು. ಪಂಚನಾಮೆಗೆ ಸಹಿ ಹಾಕಬೇಕಾದ ಪಂಚರೊಬ್ಬರು ಮೊದಲು ವಾಂತಿ ಮಾಡಿದರು, ಆಮೇಲೆ ಸಹಿ.

'ಬಾಗಿಲ ಮೇಲೆ ಜಿಡ್ಡು, ಸರ್,' ಎಂದ ಕಾನ್‌ಸ್ಟೇಬಲ್ ಜಯಪ್ಪ.

ವಾಸಪ್ಪ ಮೂಸಿದರು. ಮೇಗರವಳ್ಳಿಯಲ್ಲಿ ಹುರಿದ ಮೀನು ಯಾವುದೆಂದು ಠಾಣೆಯಲ್ಲೇ ಕೂತು ಹೇಳುವ ಮೂಗು ಅದು.

'ಉಣುಗು ಕಚ್ಚದಂಗೆ ಹಚ್ಕೊಳ್ಳೋ ಎಣ್ಣೆ ಕಣೋ. ಅದು ಕಚ್ಚಿದ್ರೆ ಬರೋ ಮಂಗನ ಕಾಯಿಲೆಗೆ ಹೆದರಿ ಹಚ್ಕೊಂಡು ಕಾಡು ಹಾದು ಬಂದಿದಾನೆ.'

'ಕೊಲೆಗೆ ಹೊರಟೋನು ಉಣುಗಿಗೆ ಹೆದರ್ತಾನಾ ಸರ್?'

'ಮನೇಲಿ ಅದ್ರಿಂದ ಹೆಣ ಬಿದ್ದಿದ್ರೆ ಹೆದರ್ತಾನೆ.' ಯಶಸ್ವಿನಿಯತ್ತ ತಿರುಗಿದರು. 'ಆ ಕಾಯಿಲೆ ರಿಪೋರ್ಟಿಗೆ ಜಗಳ ಆಡಿದ್ದು ಯಾರಮ್ಮ?'

'ಮೇಳಿಗೆ ಕಡೆ ಜಟ್ಟಪ್ಪ. ಮಗಳು ಲಿಖಿತಾಗೆ ನೆಗೆಟಿವ್ ಬಂತು. ಅದನ್ನ ನೋಡಿ ಆಸ್ಪತ್ರೇಲಿ ಮನೆಗೆ ಕಳಿಸಿದ್ರು. ಮೂಗು ಬಾಯಲ್ಲಿ ರಕ್ತ ಬಂದು ಹೋಗ್ಬಿಟ್ಲು.'

'ನಿಮ್ಮ ಸರ್ ಎಂತ ಅಂದ್ರು?'

'ಮಷೀನು ಸುಳ್ಳು ಹೇಳಲ್ಲ, ನಿನ್ನ ಹಣೇಬರ ಅಂದ್ರು.'

ಶ್ರೀನಾಥ್‌ನ ಮರಣೋತ್ತರ ಪರೀಕ್ಷೆ ಮುಗಿಸಿದ ಡಾಕ್ಟರ್ ಸುಚಿತ್ರಾ ಕೈ ತೊಳೆಯುತ್ತಿದ್ದರು. ವಾಸಪ್ಪ ಲಿಖಿತಾಳ ರಿಪೋರ್ಟನ್ನು ಅವರ ಮುಂದೆ ಹಿಡಿದರು.

'ಟೆಸ್ಟ್ ತಪ್ಪಾ, ಡಾಕ್ಟ್ರೇ?'

'ಟೆಸ್ಟ್ ಸರಿ. ದಿನ ತಪ್ಪು. ವೈರಸ್ ರಕ್ತದಲ್ಲಿ ಸಿಗೋದು ಹೆಚ್ಚಾಗಿ ಮೊದಲ ವಾರ. ಈ ಹುಡುಗಿ ರಕ್ತ ತೆಗೆದಿದ್ದು ಜ್ವರದ ಹತ್ತನೇ ದಿನ. ಆಗ ಬೇರೆ ಟೆಸ್ಟೂ ಮಾಡ್ಬೇಕು.'

'ನೆಗೆಟಿವ್ ಅಂದ್ರೆ ಕಾಯಿಲೆ ಇಲ್ಲ ಅಂತ ಅಲ್ವಾ?'

'ಆ ದಿನದ ರಕ್ತದಲ್ಲಿ ಸಿಗಲಿಲ್ಲ ಅಂತ, ಅಷ್ಟೇ.'

'ಅಷ್ಟು ಬಾಯಿಬಿಟ್ಟು ಹೇಳಿದ್ರೆ ಇವನ ಕೈ ಮೈಯಲ್ಲೇ ಇರ್ತಿತ್ತು.'

ಜಟ್ಟಪ್ಪನ ಮನೆಗೆ ಬೀಗ. ಹೆಂಡತಿ ಕೆರಿಯಮ್ಮನಿಗೂ ಜ್ವರ, ಸಾಗರಕ್ಕೆ ಕರೆದೊಯ್ದಿದ್ದಾನೆ ಎಂದರು ಪಕ್ಕದವರು. ಜೀಪು ಮಂಗಗಳೂ ನಾಚುವಂತೆ ಹಾರಿಕೊಂಡು ಸಾಗರ ಸೇರಿತು.

ಆಸ್ಪತ್ರೆಯಲ್ಲಿ ಜಯಪ್ಪ ಹೆಗಲಿಗೆ ಕೈ ಹಾಕಿದ್ದೇ ತಡ, ಜಟ್ಟಪ್ಪ ಟವೆಲ್ಲಿನೊಳಗಿಂದ ಕತ್ತಿ ಎಳೆದು ಬೀಸಿದ. ಜಯಪ್ಪನ ಭುಜ ಎಲುಬು ಕಾಣುವಂತೆ ಸೀಳಿತು.

'ಇವಳ ರಕ್ತ ತೆಗೆಯೋತನ್ಕ ಯಾರೂ ಹತ್ರ ಬರಬ್ಯಾಡಿ! ಇನ್ನೂ ಮೂರೇ ದಿನದ ಜ್ವರ. ಎಷ್ಟು ಟೆಸ್ಟ್ ಇದಾವೋ ಎಲ್ಲಾ ಮಾಡಿ!'

ವಾಸಪ್ಪ ಪಿಸ್ತೂಲಿನ ಮೇಲೆ ಕೈಯಿಟ್ಟು ನಿಂತರು. ನರ್ಸ್ ಕೆರಿಯಮ್ಮನ ತೋಳಿಗೆ ಸೂಜಿ ಚುಚ್ಚಿದಳು. ಟ್ಯೂಬು ತುಂಬಿತು. ಜಟ್ಟಪ್ಪ ಕತ್ತಿ ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿದ.

'ಮಗಳನ್ನ ಯಾಕೆ ಹತ್ತು ದಿನ ಮನೇಲೇ ಇಟ್ಕೊಂಡಿದ್ಯೋ?' ವಾಸಪ್ಪ ಜೀಪಿನಲ್ಲಿ ಕೇಳಿದರು.

'ಮಾತ್ರೆಗೆ ಜ್ವರ ಬಿಡ್ತು ಸಾರ್. ವಾಸಿ ಆಯ್ತು ಅಂದ್ಕೊಂಡೆ. ತಿರುಗಿ ಏರ್ತದೆ ಅಂತ ಯಾರೂ ಹೇಳ್ಲಿಲ್ಲ.'

ಮರುದಿನ ಸಂಜೆ ಸಾಗರದಿಂದ ಫೋನು ಬಂತು. ವಾಸಪ್ಪ ಲಾಕಪ್ಪಿನ ಮುಂದೆ ನಿಂತರು.

'ಪಾಸಿಟಿವ್.'

'ಬೆಡ್ ಕೊಟ್ರಾ?'

'ಕೊಟ್ರು. ಡ್ರಿಪ್ಪೂ ಹಾಕಿದಾರೆ.'

ಕೊಲೆಯ ನಂತರ ಮೊದಲ ಬಾರಿಗೆ ಜಟ್ಟಪ್ಪ ಅನ್ನದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.