ಕಾರಣ: ಕೋಡ್ ಒಂಬತ್ತು

ಲೀಡರಮ್ಮ ಆ ಮೂವತ್ತೊಂದು ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ, ಪಕ್ಕದ ಕೋಣೆಯಲ್ಲಿ ಮೈಮರೆತು ಮಲಗಿದ್ದ ರೋಗಿಯೊಬ್ಬ ಎದ್ದು, ಶರ್ಟಿನ ಗುಂಡಿ ಹಾಕಿಕೊಂಡು ಮನೆಗೆ ಹೊರಟನಂತೆ. ಹೀಗೆಂದು ಹಿರಿಯ ನರ್ಸ್ ದೊಡ್ಡ ಸಿಸ್ಟರ್ ಇವತ್ತಿಗೂ ಹೇಳುತ್ತಾರೆ. ದೊಡ್ಡ ಸಿಸ್ಟರ್ ಸುಳ್ಳು ಹೇಳುವವರಲ್ಲ. ಸ್ವಲ್ಪ ಒಗ್ಗರಣೆ ಹಾಕುತ್ತಾರೆ, ಅಷ್ಟೆ.

"ಇದೇನು ಡಾಕ್ಟ್ರೇ?" ಎಂದಳು ಲೀಡರಮ್ಮ.

ಎದುರಿಗಿದ್ದ ಡಾಕ್ಟರ್ ಹಾಳೆ ನೋಡಿದ. ಆಮೇಲೆ ಅವಳನ್ನು ನೋಡಿದ. ಆಮೇಲೆ ಗೋಡೆ ನೋಡಿದ. ಗೋಡೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಆದರೂ ಅಲ್ಲೇ ತುಂಬಾ ಹೊತ್ತು ನೋಡಿದ.

"ಫಾರ್ಮು," ಎಂದ.

ಅವನನ್ನು ಎಮರ್ಜೆನ್ಸಿ ವಿಭಾಗದಲ್ಲಿ ಎಲ್ಲರೂ ಗುಮ್ಮಣ್ಣ ಅನ್ನುತ್ತಿದ್ದರು. ಮಾತು ಮುತ್ತು ಅನ್ನುವ ಗಾದೆಯನ್ನು ಅಕ್ಷರಶಃ ನಂಬಿ, ಮುತ್ತುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ ಮನುಷ್ಯ. ಅವಳಿಗೆ ಲೀಡರಮ್ಮ ಅನ್ನುವ ಹೆಸರು ಬಂದು ಒಂದು ವರ್ಷವಾಗಿತ್ತು. ಆ ಆಸ್ಪತ್ರೆಯಲ್ಲಿ ಮೊದಲ ಸಲ ವಯಸ್ಸು ಮೂವತ್ತು ದಾಟದ ಡಾಕ್ಟರೊಬ್ಬರ ಕೈಗೆ ಒಂದು ಸಂಶೋಧನೆಯ ಮುಂದಾಳತ್ವ ಕೊಟ್ಟಿದ್ದರು. ಅರ್ಜಿ ಹಾಕಿದವರು ಇಬ್ಬರೇ, ಇವಳು ಮತ್ತು ಗುಮ್ಮಣ್ಣ. ಸಿಕ್ಕಿದ್ದು ಇವಳಿಗೆ. ಅವನು ಮರುದಿನ ಬಂದು "ಕಂಗ್ರಾಟ್ಸ್" ಎಂದ. ಆ ವರ್ಷದ ಅವನ ಅತಿ ದೀರ್ಘ ಭಾಷಣ ಅದು.

ಸಂಶೋಧನೆ ಸರಳ. ಮೂಳೆ ಮುರಿದುಕೊಂಡು ಬಂದವರಿಗೆ ನೋವಿನ ಔಷಧ ಎಷ್ಟು ಬೇಗ ಸಿಗುತ್ತದೆ, ತಡವಾದರೆ ಯಾಕೆ? ಪ್ರತಿ ರೋಗಿಗೂ ಒಂದು ಫಾರ್ಮು. ಕರೆ ಬಂದ ಮೇಲೆ ಡಾಕ್ಟರು ಬೆಡ್ಡಿಗೆ ತಲುಪುವುದು ತಡವಾದರೆ ಕಾರಣವನ್ನು ಕೋಡ್‌ನಲ್ಲಿ ಬರೆಯಬೇಕು. ಒಂದು ಅಂದರೆ ಬೇರೆ ರೋಗಿ ಗಂಭೀರ. ಎರಡು ಅಂದರೆ ಔಷಧ ಸ್ಟಾಕಿಲ್ಲ. ಹೀಗೆ ಎಂಟರವರೆಗೆ. ಒಂಬತ್ತು ಅಂದರೆ ಇತರೆ, ವಿವರಿಸಿ.

"ಮೂವತ್ತೊಂದು ಸಲ ಒಂಬತ್ತು ಅಂತ ಬರ್ದಿದೀರ. ಒಂದ್ರಲ್ಲೂ ವಿವರಣೆ ಇಲ್ಲ. ಮೂವತ್ತೊಂದ್ರಲ್ಲೂ ನಲವತ್ತು ಸೆಕೆಂಡ್ ತಡ. ಅದೂ ಮೂವತ್ತೊಂದೂ ನಾನು ಡ್ಯೂಟೀಲಿ ಇರುವಾಗ."

"ಹೌದಾ."

"ನಾನಿಲ್ಲದ ದಿನ ಕುದುರೆ ಥರ ಓಡ್ತೀರಂತೆ."

ಗುಮ್ಮಣ್ಣ ಗೋಡೆಯ ಕಡೆ ಮತ್ತೆ ತಿರುಗಿದ. ಅವನ ಕಿವಿ ಕೆಂಪಗಾಗಿದ್ದನ್ನು ಅವಳು ಗಮನಿಸಿದಳು. ಸಿಟ್ಟು ಅಂದುಕೊಂಡಳು. ಎಕ್ಸ್‌ರೇ ನೋಡಿ ಕೂದಲೆಳೆಯಷ್ಟು ಬಿರುಕು ಹಿಡಿಯುವವಳು, ಮನುಷ್ಯನ ಮುಖ ಮುಂದಿದ್ದರೂ ಓದಲಿಲ್ಲ.

"ಲೀಡ್ ನಿಮಗೆ ಸಿಗ್ಲಿಲ್ಲ ಅಂತ ಬೇಜಾರಿದ್ರೆ ನೇರವಾಗಿ ಹೇಳಿ. ಕಾಲೆಳೀಬೇಡಿ."

"ಅಯ್ಯೋ, ಅಲ್ಲ." ಅವನು ಗಾಬರಿಯಾದ. "ಆ ಮೂವತ್ತೊಂದನ್ನೂ ತೆಗ್ದುಬಿಡಿ."

"ತೆಗೆದ್ರೆ ಉಳಿಯೋದು ಮುನ್ನೂರ ಎಂಬತ್ತೊಂದು. ಬೇಕಾಗಿರೋದು ನಾನೂರು. ನಾಳೆ ಸಮಿತಿ ಸಭೆ. ಕಮ್ಮಿ ಬಿದ್ರೆ ಕೆಲಸ ಹಿರಿಯರ ಕೈಗೆ ವಾಪಸ್. ಆಮೇಲೆ ನಮ್ಮ ವಯಸ್ಸಿನವರಿಗೆ ಇಲ್ಲಿ ಮತ್ತೆ ಯಾರೂ ಏನೂ ಕೊಡಲ್ಲ. ವಿವರಣೆ ಇದ್ರೆ ಉಳಿಸ್ಕೋಬಹುದು. ಕಾರಣ ಬರ್ಕೊಡಿ. ನಿಜವಾದ ಕಾರಣ."

ಅವನು ಹಾಳೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ, ಹಸುಗೂಸನ್ನು ಎತ್ತಿಕೊಂಡ ಹಾಗೆ.

"ಎಲ್ರೂ ಓದ್ತಾರಾ?"

"ಸಮಿತಿ ಪೂರ್ತಿ ಓದುತ್ತೆ."

"ಸರಿ," ಎಂದು ಹೊರಟ. ನೇಣಿಗೆ ಹೋಗುವವರು ಕೂಡ ಇನ್ನಷ್ಟು ಲವಲವಿಕೆಯಿಂದ ಹೋಗುತ್ತಾರೆ.

ಮರುದಿನ ಸಭೆಗೆ ಮುಂಚೆ ಲೀಡರಮ್ಮ ದೊಡ್ಡ ಸಿಸ್ಟರ್ ಕೈಗೆ ಬಿಸ್ಕತ್ತಿನ ಡಬ್ಬಿ ಕೊಟ್ಟಳು. ತಿಂಗಳಿಗೊಂದು ಡಬ್ಬಿ, ಹೋದ ವರ್ಷದಿಂದ ತಪ್ಪಿರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಲೀಡರಮ್ಮ ಎಡಚಿ. ಚಿಕ್ಕವಳಿದ್ದಾಗ ಅಜ್ಜಿ ಅವಳ ಎಡಗೈಗೆ ಕಾಲುಚೀಲ ತೊಡಿಸಿ ಕೂರಿಸುತ್ತಿದ್ದರು, ಬಲಗೈ ಬಳಸಲಿ ಅಂತ. ಇವಳು ಕಾಲುಚೀಲದೊಳಗಿಂದಲೇ ಪೆನ್ಸಿಲ್ ಹಿಡಿದು ಬರೆದಳು. ಅಜ್ಜಿ ಎರಡು ಕಾಲುಚೀಲ ತೊಡಿಸಿದರು. ಆಗಲೂ ಬರೆದಳು. ಅಕ್ಷರ ಇನ್ನೂ ಚೆನ್ನಾಗಿ ಬಂತಂತೆ. ಆದರೆ ಲೋಕದ ಕತ್ತರಿ, ಬಾಗಿಲು, ಮೇಜು ಎಲ್ಲ ಬಲಗೈಯವರ ಕಡೆಗೇ ಇದ್ದವು. ಮೆಡಿಕಲ್ ಕಾಲೇಜಿನಲ್ಲಿ ಸೂಜಿ ಹಿಡಿದಾಗಲೆಲ್ಲ ಅವಳದು ಅಡ್ಡಗೈ. ಎಲ್ಲರಿಗಿಂತ ಒಂದು ನಿಮಿಷ ತಡ. ಆ ಒಂದು ನಿಮಿಷದ ಅವಮಾನವನ್ನು ಅವಳು ವರ್ಷಗಟ್ಟಲೆ ಹೊತ್ತು ತಿರುಗಿದ್ದಳು.

ಈ ಎಮರ್ಜೆನ್ಸಿಗೆ ಬಂದ ಮೇಲೆ ಏನೋ ಬದಲಾಯಿತು. ರೋಗಿಯನ್ನು ಮಾತಾಡಿಸಿ ತಿರುಗುವಷ್ಟರಲ್ಲಿ ಟ್ರೇಯಲ್ಲಿ ಸಿರಿಂಜು ಎಡಕ್ಕೇ ಕಾದಿರುತ್ತಿತ್ತು. ಟೇಪು ಆಗಲೇ ಹರಿದಿಟ್ಟಿರುತ್ತಿತ್ತು. ಇದು ದೊಡ್ಡ ಸಿಸ್ಟರ್ ಮಾಡುವ ಉಪಕಾರ ಅಂತ ಅವಳು ತೀರ್ಮಾನಿಸಿ "ತುಂಬಾ ಥ್ಯಾಂಕ್ಸ್ ಸಿಸ್ಟರ್, ನೀವು ನನಗೆ ತಾಯಿ ಥರ" ಎಂದು ಮೊದಲ ಡಬ್ಬಿ ಕೊಟ್ಟಿದ್ದಳು. ದೊಡ್ಡ ಸಿಸ್ಟರ್‌ಗೆ ಯಾವ ಉಪಕಾರ ಅಂತ ತಿಳಿಯಲಿಲ್ಲ. ಆದರೆ ಪ್ರೀತಿಯಿಂದ ಕೊಟ್ಟ ಬಿಸ್ಕತ್ತನ್ನು ಬೇಡ ಅನ್ನುವ ದುರಹಂಕಾರ ಅವರಲ್ಲಿರಲಿಲ್ಲ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗೊರಕೆ ಹೊಡೆಯುವ ಪ್ರೊಜೆಕ್ಟರು. ನಡುವೆ ಸಮಿತಿಯ ಅಧ್ಯಕ್ಷರಾದ ಹಿರಿಯ ಸರ್ಜನ್. ಅವರ ಹುಬ್ಬು ಎಷ್ಟು ದಪ್ಪ ಅಂದರೆ ಒಮ್ಮೆ ಪೆನ್ನು ಕಳೆದು ಹುಡುಕಾಡಿ ಕೊನೆಗೆ ಅಲ್ಲೇ ಸಿಕ್ಕಿತಂತೆ. ಗುಮ್ಮಣ್ಣ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ, ಓಡಿಹೋಗಲು ಅನುಕೂಲವಾಗುವಂತೆ. ಟೀ ತಂದ ನೆಪದಲ್ಲಿ ದೊಡ್ಡ ಸಿಸ್ಟರ್ ಬಾಗಿಲಲ್ಲೇ ನಿಂತರು.

ಲೀಡರಮ್ಮನ ಡ್ಯೂಟಿಗೆ ಸಂಬಂಧಿಸಿದ ಉತ್ತರವನ್ನು ಲೀಡರಮ್ಮ ಮೊದಲು ನೋಡುವಂತಿಲ್ಲ, ಅದು ನಿಯಮ. ಹಾಗಾಗಿ ಗುಮ್ಮಣ್ಣನ ಲಕೋಟೆಯನ್ನು ಅಂಕಿಅಂಶದ ಮೇಡಂ ಒಡೆದರು. ಕನ್ನಡಕ ಏರಿಸಿದರು. ಹವಾಮಾನ ವರದಿ ಓದುವ ದನಿಯಲ್ಲಿ ಓದಿದರು:

"ಕೋಡ್ ಒಂಬತ್ತು. ನಮ್ಮ ಟ್ರೇಗಳು ಬಲಗೈಯವರಿಗೆ ಜೋಡಿಸಿದವು. ನಾಲ್ಕನೇ ಬೆಡ್ಡಿನ ಡಾಕ್ಟರು ಎಡಗೈಯವರು. ಅವರು ರೋಗಿಯ ಜೊತೆ ಮಾತಾಡುವಾಗ ಅವರ ಟ್ರೇಯನ್ನು ಎಡಕ್ಕೆ ಜೋಡಿಸಿಟ್ಟು, ಆಮೇಲೆ ನನ್ನ ಐದನೇ ಬೆಡ್ಡಿಗೆ ಹೋಗುತ್ತಿದ್ದೆ. ನಲವತ್ತು ಸೆಕೆಂಡು. ಅವರಿಗೆ ಗೊತ್ತಿಲ್ಲ. ತಪ್ಪು ನನ್ನದು. ಸಹಿ."

ಪ್ರೊಜೆಕ್ಟರಿನ ಗೊರಕೆ ಕೂಡ ನಿಂತಂತಾಯಿತು.

ಲೀಡರಮ್ಮ ಮೊದಲು ದೊಡ್ಡ ಸಿಸ್ಟರ್ ಕಡೆ ನೋಡಿದಳು. ಅವರು ಟೀ ಕಪ್ಪುಗಳನ್ನು ಎಣಿಸತೊಡಗಿದರು. ಆಮೇಲೆ ಗುಮ್ಮಣ್ಣನನ್ನು ನೋಡಿದಳು. ಅವನು ತನ್ನ ಬೂಟಿನ ಲೇಸನ್ನು, ಜೀವಮಾನದಲ್ಲಿ ಮೊದಲ ಸಲ ಕಂಡವನಂತೆ ನೋಡುತ್ತಿದ್ದ. ಹರಿದಿಟ್ಟ ಟೇಪಿನ ತುಂಡುಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಪ್ರತಿ ತುಂಡಿನ ತುದಿಯೂ ಒಂಚೂರು ಮಡಚಿರುತ್ತಿತ್ತು, ಬೆರಳಿಗೆ ಬೇಗ ಸಿಗಲಿ ಅಂತ. ಸಿಸ್ಟರ್‌ಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ನಿಮ್ಮ ರೋಗಿಗಳಿಗೆ ತೊಂದರೆ ಆಯ್ತೇನಪ್ಪಾ?" ಸರ್ಜನ್ ಕೇಳಿದರು.

"ಎಲ್ಲರಿಗೂ ಗಡುವಿನೊಳಗೇ ಔಷಧ ಸಿಕ್ಕಿದೆ," ಮೇಡಂ ಉತ್ತರಿಸಿದರು. "ಐದನೇ ಬೆಡ್ಡಲ್ಲಿ ನಲವತ್ತು ಸೆಕೆಂಡ್ ಹೋಯ್ತು. ನಾಲ್ಕನೇದರಲ್ಲಿ ತೊಂಬತ್ತು ಉಳೀತು. ಕಾರಣ ಗೊತ್ತಾದ್ಮೇಲೆ ಈ ಮೂವತ್ತೊಂದು ಫಾರ್ಮನ್ನೂ ಉಳಿಸ್ಕೋಬಹುದು. ನಾನೂರ ಹನ್ನೆರಡು ಪೂರ್ತಿ ಇದೆ."

ಸಂಶೋಧನೆ ಉಳಿಯಿತು. ಲೀಡರಮ್ಮ ಅಲ್ಲಿಗೇ ಸುಮ್ಮನಿದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಎದ್ದು ನಿಂತಳು.

"ಸರ್, ಇನ್ನೊಂದು ತಿದ್ದುಪಡಿ ಇದೆ. ಇಡೀ ವಿಭಾಗದಲ್ಲಿ ನಾನೇ ಫಾಸ್ಟ್ ಅಂತ ವರದೀಲಿ ಬರ್ದಿದೀನಿ. ಅದನ್ನ ಹೊಡೆದುಹಾಕ್ಬೇಕು. ಆ ವೇಗ ನನ್ನೊಬ್ಬಳದಲ್ಲ. ಟ್ರೇನ ಎರಡೂ ಕೈಗೆ ಹೊಂದೋ ಹಾಗೆ ಜೋಡಿಸ್ಬೇಕು ಅನ್ನೋದು ನಮ್ಮ ದೊಡ್ಡ ಫಲಿತಾಂಶ. ಅದನ್ನ ಕಂಡುಹಿಡಿದೋರು ಬಾಗಿಲ ಹತ್ರ ಕೂತಿದಾರೆ."

ಸರ್ಜನ್ ಹುಬ್ಬಿನ ಕೆಳಗಿನಿಂದ ಬಾಗಿಲ ಕಡೆ ನೋಡಿದರು. "ವಿಭಾಗದಲ್ಲಿ ಎಡಗೈಯವರು ಇವರೊಬ್ಬರೇನಾ?"

"ಇನ್ನಿಬ್ಬರಿದ್ದಾರೆ ಸರ್," ಎಂದ ಗುಮ್ಮಣ್ಣ. "ಒಬ್ಬ ನನ್ನ ರೂಮ್‌ಮೇಟು."

"ಅವರ ಟ್ರೇ?"

ಗುಮ್ಮಣ್ಣ ಸತ್ಯಕ್ಕೆ ಕಟ್ಟುಬಿದ್ದ ಮನುಷ್ಯ.

"ಅವರ್ದನ್ನ ಅವರೇ ತಿರುಗಿಸ್ಕೋತಾರೆ ಸರ್."

ಮೇಜಿನ ಸುತ್ತ ಯಾರೂ ನಗಲಿಲ್ಲ. ನಗದೇ ಇರಲು ಎಷ್ಟು ಕಷ್ಟಪಟ್ಟರೆಂದರೆ ಇಬ್ಬರಿಗೆ ಬೆನ್ನು ಹಿಡಿದುಕೊಂಡಿತು.

"ಇದನ್ನೂ ಬರ್ಕೊಳ್ಳಲಾ ಸರ್?" ಮೇಡಂ ಕೇಳಿದರು.

"ಬರ್ಕೊಳ್ಳಿ. ಮುಖ್ಯವಾದ ಮಾಹಿತಿ."

ಮಧ್ಯಾಹ್ನ, ಸಿಬ್ಬಂದಿಯ ಟೀ ಕೋಣೆ. ಕಿಟಕಿಯ ಬಿಸಿಲು ಎರಡು ಕಪ್ಪುಗಳ ಮೇಲೆ ಬಿದ್ದಿತ್ತು. ಗುಮ್ಮಣ್ಣ ಬಂದು ನೋಡಿದರೆ ಲೀಡರಮ್ಮ ಆಗಲೇ ಕೂತಿದ್ದಳು. ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ.

"ದೊಡ್ಡ ಸಿಸ್ಟರ್ ವಾಪಸ್ ಕೊಟ್ರು. ನಿಮಗೆ ಸೇರ್ಬೇಕಾದ್ದಂತೆ."

ಅವನು ತೆರೆದು ನೋಡಿದ. ಎರಡೇ ಬಿಸ್ಕತ್ತು ಉಳಿದಿದ್ದವು.

"ಸಾರಿ," ಎಂದ. "ಎಲ್ಲರ ಮುಂದೆ ಹಾಗಾಗ್ಬಾರ್ದಿತ್ತು."

"ನಾನು ಹೇಳ್ಬೇಕು ಸಾರಿ. ಕಾಲೆಳೀತೀರ ಅಂದೆ." ಅವಳು ಡಬ್ಬಿಯನ್ನು ಅವನ ಕಡೆ ಸರಿಸಿದಳು. "ಯಾವಾಗಿಂದ?"

"ಮೊದಲ್ನೇ ದಿನದಿಂದ. ಟೇಪು ಕತ್ತರಿಸೋಕೆ ಒದ್ದಾಡ್ತಿದ್ರಿ. ಕತ್ತರಿ ಕೆಳಗೆ ಬಿತ್ತು. ಎತ್ಕೊಂಡು ಅದಕ್ಕೆ ಸಾರಿ ಅಂದ್ರಿ."

"ಕತ್ತರಿಗಾ?"

"ಕತ್ತರಿಗೆ. ಅಷ್ಟು ಹೊತ್ತು ತಡ ಮಾಡಿದ್ದಕ್ಕೆ ಬೈಸ್ಕೊಂಡಿದ್ದು ನೀವು. ಆಮೇಲೆ ನನಗೆ ಸುಮ್ಮನಿರೋಕಾಗ್ಲಿಲ್ಲ."

ಪೆಟ್ಟಿಗೆಯ ಬೀಗ ತೆರೆದಿತ್ತು. ಮುತ್ತು ಒಂದೊಂದೇ ಹೊರಗೆ ಬರುತ್ತಿತ್ತು. ಲೀಡರಮ್ಮನ ಕೈಗೆ ಜನ ಕಾಲುಚೀಲ ಹಾಕಿದ್ದರು, ಬೈದಿದ್ದರು, ನಕ್ಕಿದ್ದರು. ಆ ಕೈ ಇದ್ದ ಕಡೆಗೆ ಲೋಕವನ್ನೇ ಸ್ವಲ್ಪ ತಿರುಗಿಸಿಟ್ಟವನು ಇವನೊಬ್ಬ. ಅದೂ ಸದ್ದಿಲ್ಲದೆ.

"ರಿಸರ್ಚ್ ಪೇಪರ್‌ನಲ್ಲಿ ಕೃತಜ್ಞತೆಗೆ ಎರಡು ಲೈನ್ ಕೊಡ್ತಾರೆ," ಎಂದಳು. "ಸಭೆ ಮುಗಿದಾಗಿಂದ ಬರೀತಿದೀನಿ. ಅಷ್ಟರಲ್ಲಿ ಹಿಡಿಸ್ತಿಲ್ಲ."

"ಎಷ್ಟು ಬೇಕಾಗುತ್ತೆ?"

"ಗೊತ್ತಿಲ್ಲ. ದೀರ್ಘಾವಧಿ ಅಧ್ಯಯನ ಆಗ್ಬೇಕು. ಹತ್ತಿಪ್ಪತ್ತು ವರ್ಷ ಜೊತೇಲಿದ್ದು ನೋಡಿ ಬರೆಯೋವಂಥದ್ದು."

ಗುಮ್ಮಣ್ಣನ ಕಿವಿ ಕೆಂಪಾಯಿತು. ಈ ಸಲ ಅವಳು ಸರಿಯಾಗಿ ಓದಿದಳು.

"ಲೀಡ್ ಯಾರು?" ಅವನು ಮೆಲ್ಲಗೆ ಕೇಳಿದ.

"ಇಬ್ಬರೂ. ಮೂವತ್ತೊಂದು ಸಲ ನಲವತ್ತು ಸೆಕೆಂಡ್ ಅಂದ್ರೆ ಇಪ್ಪತ್ತು ನಿಮಿಷ ನಲವತ್ತು ಸೆಕೆಂಡ್. ಮೊದಲು ಅಷ್ಟು ಹೊತ್ತು ನನ್ನೆದುರು ಕೂತ್ಕೊಳ್ಳಿ. ಗೋಡೆ ನೋಡ್ಬಾರ್ದು."

"ಬ್ರೇಕು ಹದಿನೈದೇ ನಿಮಿಷ."

"ತಡವಾದ್ರೆ ಕಾರಣ ಬರೀರಿ. ಕೋಡ್ ಒಂಬತ್ತು."

"ವಿವರಣೆ ಕೇಳ್ತಾರೆ."

ಎರಡೂ ಕಪ್ಪುಗಳನ್ನು ಲೀಡರಮ್ಮ ತನ್ನ ಅಭ್ಯಾಸದಂತೆ, ಕುಡಿಯುವವರ ಎಡಗೈಗೆ ಹಿಡಿ ಸಿಗುವ ಹಾಗೆ ಇಟ್ಟಿದ್ದಳು. ಅವಳು ಎಡಗೈ ಚಾಚಿ ಅವನ ಕಪ್ಪನ್ನು ನಿಧಾನವಾಗಿ, ಒಂದು ಹನಿಯೂ ಚೆಲ್ಲದಂತೆ, ಹಿಡಿ ಅವನ ಬಲಗೈಗೆ ಸಿಗುವ ಹಾಗೆ ತಿರುಗಿಸಿಟ್ಟಳು.