ಮೂರನೇ ಸಾಲಿಗೇ ನಿಂತ ಹಾಡು

"ಕೈ ತೆಗೀರಿ! ಮುಟ್ಟಬೇಡಿ ಅಂದೆ ತಾನೇ?"

ಕ್ಲಬ್ಬಿನ ಫಿಸಿಯೋ ಕೋಣೆಯ ಗಾಜಿನ ಬಾಗಿಲು ಅದುರುವಂತೆ ಕೂಗಿದಳು ಅವಳು. ಎತ್ತರದ ಮಂಚದ ಮೇಲೆ ಕೂತಿದ್ದಳು. ಊರುಗೋಲುಗಳು ಜಾರಿ ನೆಲದ ಮೇಲೆ ಬಿದ್ದಿದ್ದವು. ಎಡಮಂಡಿಯ ಮೇಲೆ ಹೊಲಿಗೆ ಬಿಚ್ಚಿದ ಗಾಯ ಇನ್ನೂ ಕೆಂಪಗಿತ್ತು.

ಅವನು ಎರಡೂ ಕೈ ಮೇಲೆತ್ತಿ ಹಿಂದೆ ಸರಿದ.

"ಸರಿ, ತೆಗೆದೆ. ಈಗೇನು, ಹೀಗೇ ಕಡ್ಡಿ ಥರ ಕಾಲು ಚಾಚ್ಕೊಂಡು ಆಡ್ತೀರಾ?"

"ನೀವು ಡಾಕ್ಟ್ರಾ?"

"ಅಲ್ಲ, ಫಿಸಿಯೋ. ಡಾಕ್ಟ್ರು ಹೊಲಿದು ಹೊರಟೋದ್ರು. ಬೈಸ್ಕೊಳ್ಳೋಕೆ ನನ್ನ ಇಟ್ಟಿದ್ದಾರೆ."

ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು. ಇಂಥವನ ಮುಂದೆ ನಗಬಾರದು!

"ಕೋಪ ಆಮೇಲೆ ಕೊಡಿ, ಮೊದಲು ಮಂಡಿ ಕೊಡಿ," ಎಂದ ಅವನು ಮೆಲ್ಲಗೆ. "ನಾನು ಒಂದು, ಎರಡು ಅಂತ ಎಣಿಸಲ್ಲ. ಎಣಿಸಿದಷ್ಟೂ ನೋವು ಉದ್ದ ಆಗುತ್ತೆ. ನಮ್ಮಜ್ಜಿ ಹಾಡ್ತಿದ್ದ ನಾಲ್ಕು ಸಾಲಿದೆ. ನಾಲ್ಕನೇ ಸಾಲು ಮುಗಿಯೋ ಹೊತ್ತಿಗೆ ನೋವೂ ಮುಗಿಯುತ್ತೆ. ಅಲ್ಲೀವರೆಗೆ ತಡ್ಕೋಬೇಕು. ಆಯ್ತಾ?"

ಅವಳು ಮುಖ ಆಚೆ ತಿರುಗಿಸಿದಳು. ಕಾಲನ್ನು ಮಾತ್ರ ಅವನತ್ತ ಚಾಚಿದಳು.

ಅವನು ಹಿಮ್ಮಡಿ ಹಿಡಿದು ಮಂಡಿಯನ್ನು ಬಾಗಿಸತೊಡಗಿದ. ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ ಶುರು ಮಾಡಿದ.

ದೂರದ ಹಾದಿಗೆ ಹೊರಟವಳೇ,
ಮುಳ್ಳಿಗೆ ಕಲ್ಲಿಗೆ ಹೆದರದಿರು,
ಕಾಲಿನ ನೋವನು ಬಲ್ಲೆನು ನಾ,
ಕಡೆತನಕಾ ಜೊತೆ ನಾನಿರುವೆ.

ಮೂರನೇ ಸಾಲಿಗೆ ಅವಳ ಕಣ್ಣು ಕತ್ತಲಿಟ್ಟಿತು. ನಾಲ್ಕನೆಯದಕ್ಕೆ ಮಂಚದ ಅಂಚು ಹಿಡಿದ ಬೆರಳುಗಳು ಬಿಳುಚಿಕೊಂಡವು. ಆದರೆ... ಹಾಡು ಮುಗಿಯಿತು. ಹೇಳಿದ ಹಾಗೇ ಅವನ ಕೈ ಸಡಿಲವಾಯಿತು.

"ನಾಳೆ ಇದೇ ಹೊತ್ತಿಗೆ," ಎಂದ.

"ನಾಳೆ ನಿಮ್ಮನ್ನ ಇನ್ನೂ ಚೆನ್ನಾಗಿ ಬೈತೀನಿ," ಎಂದಳು.

ಫುಟ್‌ಬಾಲ್ ತಂಡದವರು ಅವಳನ್ನು ಕರೆಯುತ್ತಿದ್ದುದು 'ಚಿಲಕ' ಎಂದು. ಅವಳು ಡಿಫೆಂಡರ್. ಗೋಲಿನ ಮುಂದೆ ಅವಳು ನಿಂತಳೆಂದರೆ ಎದುರಾಳಿಗಳ ಪಾಲಿಗೆ ಬಾಗಿಲಿಗೆ ಚಿಲಕ ಬಿದ್ದ ಹಾಗೆ. ಗೋಲು ಹೊಡೆದವರ ಫೋಟೋ ಪತ್ರಿಕೆಯಲ್ಲಿ ಬರುತ್ತಿತ್ತು. ತಡೆದವಳದು ಬರುತ್ತಿರಲಿಲ್ಲ. ಅವಳಿಗೆ ಅದರ ಬೇಸರವಿರಲಿಲ್ಲ. ಚೆಂಡು ತನ್ನನ್ನು ದಾಟಿ ಹೋದರೆ ಮಾತ್ರ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಒಂದು ಪಂದ್ಯದಲ್ಲಿ ಗಕ್ಕನೆ ತಿರುಗುವಾಗ ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಕ್ಲಬ್ಬಿನವರು ಸಿಹಿಯಾಗಿಯೇ ಹೇಳಿದ್ದರು: "ಈ ಸೀಸನ್ನಿನ ಕೊನೇ ಪಂದ್ಯಕ್ಕಾದ್ರೂ ಇಳಿದ್ರೆ ಮುಂದಿನ ವರ್ಷದ ಕರಾರು. ಇಲ್ಲಾಂದ್ರೆ... ನಿಮಗೂ ವಯಸ್ಸಾಗ್ತಾ ಬಂತಲ್ಲ."

ಇಳಿದೇ ಇಳೀತೀನಿ! ಎಂದುಕೊಂಡಿದ್ದಳು. ಯಾರೂ ಬಾಗಿಲು ತೋರಿಸಿ ನನ್ನನ್ನು ಕಳಿಸಬೇಕಾಗಿಲ್ಲ.

ದಿನಗಳು ಕಳೆದವು. ಬೈಗುಳ ಕಡಿಮೆಯಾಗಿ ಮಾತು ಹೆಚ್ಚಾಯಿತು.

"ಚೆಂಡು ತಗೊಂಡು ಒಬ್ಳು ನಿಮ್ಮ ಮೇಲೇ ಓಡಿ ಬರ್ತಾಳೆ. ಆಗ ನೀವು ಏನು ಮಾಡ್ತೀರಿ?" ಎಂದು ಒಮ್ಮೆ ಕೇಳಿದ.

"ಏನೂ ಮಾಡಲ್ಲ."

"ಹಾಂ?"

"ಕಾಯ್ತೀನಿ. ಮೊದಲು ಕಾಲು ಹಾಕಿದವಳು ಸೋತಳು ಅಂತಲೇ ಲೆಕ್ಕ. ಅವಳಾಗಿ ತಪ್ಪು ಮಾಡೋವರೆಗೆ ಎದುರಿಗೆ ನಿಂತಿರಬೇಕು, ಅಷ್ಟೇ. ಚಿಕ್ಕವಳಿದ್ದಾಗಿಂದ ಕಲಿಸಿದ್ದು ಅದೊಂದೇ."

"ಎಲ್ಲಾ ವಿಷಯದಲ್ಲೂ ಹೀಗೇನಾ?" ಎಂದ ಅವನು ತಲೆ ಎತ್ತದೆ.

ಅವಳು ಅವನ ಬಗ್ಗಿದ ತಲೆಯನ್ನೇ ನೋಡಿದಳು. ಇದಕ್ಕೇನು ಅರ್ಥ? ಹೇಳಲಿ... ಅವನೇ ಹೇಳಲಿ. ನಾನು ಕಾಯ್ತೀನಿ.

ಅವನು ಹಿಮ್ಮಡಿ ಹಿಡಿದ. ಹಾಡು ಶುರು ಮಾಡಿದ.

ಆ ವಾರ ಒಂದು ಬದಲಾವಣೆ ಕಂಡಿತು. ಹಾಡು ಮೂರನೇ ಸಾಲಿಗೇ ನಿಲ್ಲತೊಡಗಿತು. "ಕಾಲಿನ ನೋವನು ಬಲ್ಲೆನು ನಾ..." ಎನ್ನುತ್ತಲೇ ಅವನ ಕೈ ಸಡಿಲವಾಗಿಬಿಡುತ್ತಿತ್ತು. "ಇವತ್ತಿಗೆ ಸಾಕು," ಎನ್ನುತ್ತಿದ್ದ.

"ನೋವು ಎಷ್ಟು ಕಮ್ಮಿಯಾಗಿದೆ ನೋಡಿ!" ಎಂದು ಅವಳು ಹಿಗ್ಗಿದಳು.

ಅವನು ಹಿಗ್ಗಲಿಲ್ಲ. ಕಿಟಕಿಯ ಕಡೆ ನೋಡುತ್ತ ನಿಂತ.

ಮರುವಾರ ಅವಳು ಬಾಗಿಲು ತಳ್ಳಿದಾಗ ಮಂಚದ ಪಕ್ಕ ಅವನಿರಲಿಲ್ಲ. ಕ್ಲಬ್ಬಿನ ಹಿರಿಯ ಫಿಸಿಯೋ ಕೈಕಟ್ಟಿಕೊಂಡು ನಿಂತಿದ್ದರು. ಆಟಗಾರ್ತಿಯರೆಲ್ಲ ಹೆದರುತ್ತಿದ್ದ 'ದೊಡ್ಡ ಮೇಡಂ'.

"ಇನ್ಮೇಲೆ ನಾನೇ. ಅವನು ನಿಮ್ಮ ಕೇಸು ಬಿಟ್ಟ."

"ಬಿಟ್ರಾ? ಯಾಕೆ?"

"ಮಲಕ್ಕೊಳ್ಳಿ. ಮಾತು ಕಾಲಿಗೆ ಕೇಳಿಸಲ್ಲ."

ಅವತ್ತು ಅವಳ ಚೀರಾಟ ಹುಲ್ಲಿನ ಮೈದಾನದವರೆಗೂ ಕೇಳಿಸಿತು.

ಸಂಜೆ ಕ್ಲಬ್ಬಿನ ಉದ್ದನೆಯ ಕಾರಿಡಾರಿನಲ್ಲಿ ಅವನು ಎದುರಾದ. ಕೈಯಲ್ಲಿ ಟವೆಲ್ಲುಗಳ ರಾಶಿ.

"ನನ್ನ ಕೇಸು ಬಿಟ್ರಂತೆ?"

"ಹೂಂ."

"ಕಾರಣ?"

"ಮೇಡಂ ನನಗಿಂತ ಚೆನ್ನಾಗಿ ನೋಡ್ತಾರೆ."

"ಅಷ್ಟೇನಾ? ಬೇರೇನೂ ಇಲ್ವಾ ಹೇಳೋಕೆ?"

ಏನೋ ಹೇಳಲು ಹೊರಟವನು ಟವೆಲ್ಲುಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

"ಕೊನೇ ಪಂದ್ಯ ಆಡಿ... ಈಗ ಅದೊಂದೇ ಯೋಚನೆ ಇರಲಿ," ಎಂದವನು ಪಕ್ಕಕ್ಕೆ ಸರಿದು ನಡೆದುಬಿಟ್ಟ.

ಅವಳಿಗೆ ಎಲ್ಲ ಅರ್ಥವಾಯಿತು ಎನ್ನಿಸಿತು. ಅರ್ಥವಾಗಿದ್ದೇ ತಪ್ಪು ಎಂದು ಅವಳಿಗೆ ಯಾರು ಹೇಳಬೇಕು?

ಈ ಮಂಡಿ ಇನ್ನು ಉಪಯೋಗಕ್ಕಿಲ್ಲ ಅಂತ ಅವನಿಗೆ ಗೊತ್ತಾಗಿದೆ. ಕೆಟ್ಟ ಹೆಸರು ತನಗೆ ಬೇಡ ಅಂತ ಜಾರಿಕೊಂಡ. ಅಷ್ಟು ದಿನದ ಮಾತು, ನಗು... ಬರೀ ಕನಿಕರ!

ಮನೆಗೆ ಬಂದು ಒಂದು ಗಂಟೆ ಅತ್ತಳು. ಆಮೇಲೆ ಮುಖ ತೊಳೆದು ಬೂಟಿನ ಲೇಸು ಬದಲಾಯಿಸಿದಳು.

ಅಂದಿನಿಂದ ಅವಳು ಬೇರೆಯೇ ಹೆಣ್ಣು. ಬೆಳಿಗ್ಗೆ ದೊಡ್ಡ ಮೇಡಂ ಕೈಯಲ್ಲಿ ಮಂಡಿ, ಮಧ್ಯಾಹ್ನ ಖಾಲಿ ಗ್ಯಾಲರಿಯ ಮೆಟ್ಟಿಲು, ಸಂಜೆ ಗೋಡೆಗೆ ಚೆಂಡು. ಊರುಗೋಲು ಹೋಯಿತು, ಕುಂಟು ಹೋಯಿತು. ತಿಂಗಳುಗಳ ನಂತರ ಅವಳು ಓಡಿದಾಗ ಗೋಲ್‌ಕೀಪರ್ ಗೆಳತಿ ಕಂಬ ತಟ್ಟಿ ಕೂಗಿದಳು, "ಏ ಚಿಲಕ! ತುಕ್ಕು ಹಿಡಿದಿಲ್ಲ ಕಣೇ ನಿಂಗೆ!"

ಅವನು ದೂರದಲ್ಲಿ ಬೇರೆಯವರ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ. ಅವಳು ಅತ್ತ ತಿರುಗಲಿಲ್ಲ. ತಿರುಗದೇ ಇರುವುದಕ್ಕೆ ಎಷ್ಟು ಶಕ್ತಿ ಬೇಕಾಯಿತೆಂಬುದು ಅವಳಿಗೇ ಗೊತ್ತು.

ಕೊನೇ ಪಂದ್ಯದ ಹಿಂದಿನ ದಿನ ಮಂಡಿಯ ಪರೀಕ್ಷೆ. ದೊಡ್ಡ ಮೇಡಂ ಕಾಲು ಮಡಚಿದರು. ಹಿಮ್ಮಡಿ ತೊಡೆಗೆ ತಾಗಿತು.

"ಪಾಸು," ಎಂದರು. ಮೊದಲ ಸಲ ನಕ್ಕರು. "ಅವನ ಕೈಲೇ ಇದ್ದಿದ್ರೆ ಈ ದಿನ ಬರ್ತಿರ್ಲಿಲ್ಲ. ಅದನ್ನ ಅವನೇ ಬಂದು ಒಪ್ಕೊಂಡ, ಪುಣ್ಯಾತ್ಮ."

"ಏನು ಒಪ್ಕೊಂಡ್ರು?"

"ನಿಮಗೆ ನೋವಾಗೋ ಜಾಗಕ್ಕೆ ಬಂದ ಕೂಡ್ಲೇ ಅವನ ಕೈ ನಿಂತುಬಿಡ್ತಿತ್ತಂತೆ. ಬೇರೆ ಯಾರ ಕಾಲಿಗೂ ಹಾಗಾಗಲ್ಲ ನೋಡಿ! ಮಂಡಿ ಮಡಚೋಕೆ ಬಾರದ ಹಾಗೆ ಬಿಗಿದುಕೊಳ್ತಾ ಬಂದಿತ್ತು. 'ನನ್ನ ಕೈ ಮೆತ್ತಗಾಗಿದೆ ಮೇಡಂ, ನೀವೇ ತಗೊಳ್ಳಿ, ಅವರು ಆಡಲೇಬೇಕು' ಅಂದ. ಹೇಳೋವಾಗ ಮುಖ ನೋಡ್ಬೇಕಿತ್ತು ಅವಂದು."

ಅವಳು ಮಂಚದ ಅಂಚು ಹಿಡಿದುಕೊಂಡಳು.

ಮೂರನೇ ಸಾಲು... ಅಲ್ಲಿಗೇ ನಿಲ್ಲುತ್ತಿದ್ದ ಹಾಡು... ಕಮ್ಮಿಯಾಗಿದ್ದು ನೋವಲ್ಲ. ಅವನು ನೋವು ಕೊಡಲಾರದೇ ಹೋಗಿದ್ದ! ಮತ್ತೆ ಆ ನಾಲ್ಕನೇ ಸಾಲು? ಅದನ್ನು ಬಾಯಿಬಿಟ್ಟು ಹೇಳಲಾಗದಂಥದ್ದು ಏನಾಗಿತ್ತು ಅವನಿಗೆ?

ಮನೆಗೆ ಹೋಗುವ ದಾರಿಯಲ್ಲಿ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಅಮ್ಮ ಬಸ್ ಕಂಡಕ್ಟರ್. ಪಿಸುಮಾತೂ ಕೊನೆಯ ಸೀಟಿಗೆ ಕೇಳಿಸುವಂಥ ಗಂಟಲು.

"ಅವನು ಬಾಯಿ ಬಿಡ್ಲಿಲ್ಲ, ಸರಿ. ನೀನು ಬಿಟ್ಯೇನೇ?"

"ನಾನು ಕಾಯ್ತಿದ್ದೆ..."

"ನನ್ನ ಬಸ್ಸಲ್ಲಿ ನಿನ್ನಂಥೋರು ದಿನಾ ಸಿಗ್ತಾರೆ. ಬಾಗಿಲಲ್ಲೇ ನಿಂತಿರ್ತಾರೆ. ಒಳಗೂ ಬರಲ್ಲ, ಕೆಳಗೂ ಇಳಿಯಲ್ಲ. ಒಳಗೆ ನಡಿಯೇ ತಾಯಿ!"

ಮರುದಿನ ಮಧ್ಯಾಹ್ನ ಪಂದ್ಯ. ಅವಳ ತಂಡಕ್ಕೆ ಒಂದು ಗೋಲಿನ ಮುನ್ನಡೆ. ಕೊನೆಯ ನಿಮಿಷಗಳು. ಎದುರಾಳಿಯ ಚುರುಕು ಹುಡುಗಿ ಎಲ್ಲರನ್ನೂ ದಾಟಿ ಬಂದಳು. ಎದುರಿಗೆ ಇದ್ದದ್ದು ಚಿಲಕ ಒಬ್ಬಳೇ.

ಅವಳು ನಿಂತಳು. ಕಾದಳು. ಹುಡುಗಿಯೂ ಕಾದಳು. ಆ ಹುಡುಗಿಯ ಹಿಂದೆ ಅವಳದೇ ತಂಡದ ಇನ್ನಿಬ್ಬರು ಓಡಿ ಬರುತ್ತಿದ್ದರು. ಇನ್ನೂ ಕಾದರೆ ಚೆಂಡು ಅವರ ಪಾಲು, ಗೋಲು ಖಚಿತ.

"ಚಿಲಕ! ಹೋಗೇ!" ಹಿಂದಿನಿಂದ ಗೋಲ್‌ಕೀಪರ್ ಕಿರುಚಿದಳು.

ಇಷ್ಟು ವರ್ಷ ಕಲಿತದ್ದೆಲ್ಲ 'ಬೇಡ' ಎಂದಿತು. ಅವಳು ಹೋದಳು. ಅದೇ ಎಡಗಾಲು. ಹುಲ್ಲಿನ ಮೇಲೆ ಮೈಚೆಲ್ಲಿ ಜಾರಿದಳು. ಮಂಡಿ ಪೂರ್ತಿ ಮಡಚಿಕೊಂಡಿತು, ಮತ್ತೆ ಚಾಚಿಕೊಂಡಿತು... ಬೂಟಿನ ತುದಿಗೆ ಚೆಂಡು ಸಿಕ್ಕಿತು, ಗೆರೆಯಾಚೆ ಹಾರಿತು!

ಒಂದು ಕ್ಷಣ ಅವಳು ಮಲಗಿಯೇ ಇದ್ದಳು. ಮಂಡಿ ಮುಟ್ಟಿ ನೋಡಿದಳು. ಗಟ್ಟಿಯಾಗಿದೆ. ತನ್ನದೇ ಮಂಡಿ. ಕಣ್ಣು ತುಂಬಿ ಬಂತು.

ಸೀಟಿ ಮೊಳಗಿತು. ಗೆದ್ದರು. ಮ್ಯಾನೇಜರ್ ಓಡಿ ಬಂದು ಕೈ ಕುಲುಕಿದರು. "ಮುಂದಿನ ವರ್ಷ ನೀವಿಲ್ಲದೆ ತಂಡವೇ ಇಲ್ಲ!"

"ಒಂದ್ನಿಮಿಷ ಸರ್, ಇನ್ನೊಂದು ಕೆಲಸ ಬಾಕಿ ಇದೆ," ಎಂದಳು ಅವಳು.

ಕೆಸರಿನ ಬೂಟಿನಲ್ಲೇ ಫಿಸಿಯೋ ಕೋಣೆಗೆ ನಡೆದಳು. ಅವನು ಕಿಟಕಿಗೆ ಬೆನ್ನು ಕೊಟ್ಟು ಟವೆಲ್ ಮಡಚುತ್ತಿದ್ದ. ಕಣ್ಣು ಕೆಂಪಗಿತ್ತು.

"ಪಂದ್ಯ ನೋಡಿದ್ರಾ?"

"ಆ ಒಂದು ಕ್ಷಣ ಕಣ್ಣು ಮುಚ್ಕೊಂಡೆ."

ಅವಳು ಮಂಚ ಹತ್ತಿ ಕೂತು ಎಡಗಾಲು ಚಾಚಿದಳು. "ಬಾಗಿಸಿ."

"ನಾನೀಗ ನಿಮ್ಮ ಫಿಸಿಯೋ ಅಲ್ಲ."

"ಗೊತ್ತು. ಅದಕ್ಕೇ ಬಂದೆ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಕೇಳಿ, ಇವತ್ತು ಎರಡನೇ ಸಲ ನಾನೇ ಮೊದಲು ಕಾಲು ಹಾಕ್ತಿದ್ದೀನಿ. ನನಗೆ ನೀವು ಬೇಕು. ಕನಿಕರಕ್ಕಲ್ಲ, ನೋವು ಕಮ್ಮಿ ಮಾಡೋಕೂ ಅಲ್ಲ. ಅದಕ್ಕೆ ದೊಡ್ಡ ಮೇಡಂ ಇದ್ದಾರೆ. ಸುಮ್ಮನೆ... ನೀವು ಬೇಕು."

ಟವೆಲ್ ಅವನ ಕೈಯಿಂದ ಜಾರಿತು.

"ಕನಿಕರ ಅಂದ್ಕೊಂಡ್ರಾ?" ಎಂದ. "ನಿಮ್ಮ ಆಟ ನನ್ನಿಂದ ಹಾಳಾಗ್ತಿತ್ತು. ಕಾರಣ ಹೇಳಿದ್ರೆ ನಿಮ್ಮ ಗಮನ ಮಂಡಿ ಬಿಟ್ಟು ನನ್ನ ಕಡೆ ಬರುತ್ತೆ ಅಂತ ಹೆದರಿದೆ. ದಿನಾ ಕಿಟಕಿಯಿಂದ ನೀವು ಮೆಟ್ಟಿಲು ಹತ್ತೋದನ್ನ ನೋಡ್ತಿದ್ದೆ."

"ಹಾಗಾದ್ರೆ ಬಾಕಿ ತೀರಿಸಿ. ನಾಲ್ಕನೇ ಸಾಲು."

ಅವನು ಮಂಚದ ಬಳಿ ಬಂದ. ಹಿಮ್ಮಡಿಯ ಕೆಳಗೆ ಅಂಗೈ ಇಟ್ಟ. ಮೆಲ್ಲನೆ ಹಾಡಿದ. ಒಂದು, ಎರಡು, ಮೂರನೇ ಸಾಲು... ಅಲ್ಲಿ ಅಭ್ಯಾಸದಂತೆ ದನಿ ನಿಂತಿತು. ಅವಳು ಕಾಯಲಿಲ್ಲ. ಅವನ ಕೈಯ ಮೇಲೆ ತನ್ನ ಕೈಯಿಟ್ಟು ತಾನೇ ಮಂಡಿ ಮಡಚಿದಳು, ಪೂರ್ತಿ.

"ಕಡೆತನಕಾ..." ಎಂದ ಅವನು. ಅವಳ ಮುಖ ನೋಡಿದ. "ಕಡೆತನಕಾ ಜೊತೆ ನಾನಿರುವೆ."

ಹೊರಗೆ ತಂಡದವರ ಕೇಕೆ ಕೇಳಿಸುತ್ತಲೇ ಇತ್ತು.

"ನೋವಾಯ್ತಾ?" ಎಂದು ಕೇಳಿದ ಪಿಸುದನಿಯಲ್ಲಿ.

"ಇಲ್ಲ," ಎಂದಳು ಅವಳು ಅವನ ಭುಜಕ್ಕೆ ಒರಗಿ. "ಇನ್ನೊಂದ್ಸಲ ಹೇಳು."